ಅಕ್ಕಿಕಾಳಿನಷ್ಟು ಮಾಂಸ

ನಿನ್ನೆ ನರಸಿಂಹರಾಜಪುರದ ಕಾಲೇಜೊಂದರ ಜೀವಶಾಸ್ತ್ರ ಲ್ಯಾಬಿನ ಬಾಗಿಲಲ್ಲಿ, ಮಾಂಸ ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಕಣ್ಣು ಉರಿಯುತ್ತದೆ. ನನಗೆ ಇಂದಿಗೂ ಕಳೆದುಹೋದ ಒಂದು ಚೂರು ನೆನಪಾಗುತ್ತದೆ.

ಇಪ್ಪತ್ತು ವರ್ಷದ ಹಿಂದೆ ಕೊಪ್ಪದ ಸಣ್ಣ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ರೋಗಿಯ ಮೈಯಿಂದ ತೆಗೆದ ಚೂರನ್ನು ತೂತುಗಳಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ದ್ರಾವಣಗಳಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು ಡಾಕ್ಟ್ರಮ್ಮನ ಸೂಕ್ಷ್ಮದರ್ಶಕಕ್ಕೆ ಕೊಡುವುದು ನನ್ನ ಕೆಲಸ. ಬಿಳಿ ಕೋಟು ಕಳಚದೆಯೇ ಹೋಟೆಲಿಗೆ ಹೋಗುತ್ತಿದ್ದೆ. ಅರ್ಧ ಡಾಕ್ಟರೆಂದೇ ನನ್ನ ಭಾವನೆ. ತೂತಿನಿಂದ ಜಾರದಂತೆ ಸಣ್ಣ ಚೂರನ್ನು ಕಾಗದದಲ್ಲಿ ಸುತ್ತಿಯೇ ಡಬ್ಬಿಗೆ ಹಾಕಬೇಕೆಂಬ ನಿಯಮ ಅರ್ಧ ಡಾಕ್ಟರಿಗೇಕೆ?

ಹತ್ತಿರದ ನಾರ್ವೆ ಎಂಬ ಹಳ್ಳಿಯ ಸುಶೀಲಕ್ಕ ತೋಟದ ಕೆಲಸದವರು. ಕೆನ್ನೆಯೊಳಗೆ ಮಾಯದ ಹುಣ್ಣು. ಅಲ್ಲಿಂದ ತೆಗೆದ ಚೂರು ಬಾಟಲಿಯಲ್ಲಿ ನಮ್ಮಲ್ಲಿಗೆ ಬಂದಿತ್ತು; ಕಾಗದ ಸುತ್ತದೆಯೇ ಡಬ್ಬಿಗೆ ಹಾಕಿದ್ದೆ. ಮರುದಿನ ಡಬ್ಬಿ ತೆರೆದೆ. ಖಾಲಿ! ಮುಚ್ಚಳ, ಇಕ್ಕಳ, ದ್ರಾವಣದ ತಳ, ನೆಲ, ಎಲ್ಲ ತಡಕಾಡಿದೆ. ಇಲ್ಲ.

"ಬಾಟಲಿ ಖಾಲಿನೇ ಬಂದಿತ್ತು ಡಾಕ್ಟ್ರಮ್ಮ," ಎಂದುಬಿಟ್ಟೆ.

ಅವರು ರಿಜಿಸ್ಟರ್ ತೆರೆದು ನನ್ನತ್ತ ತಿರುಗಿಸಿದರು. 'ಚೂರು ಒಂದು, ಅಕ್ಕಿಕಾಳಿನಷ್ಟು.' ನನ್ನದೇ ಅಕ್ಷರ. ಚೂರು ಕಳೆದದ್ದಕ್ಕಿಂತಲೂ, ಅಷ್ಟು ಸಲೀಸಾಗಿ ಬಾಯಿಂದ ಬಿದ್ದ ಸುಳ್ಳಿಗೆ ನಾನು ಬೆಚ್ಚಿದೆ.

"ನೀನೇ ಹೋಗಿ ಹೇಳು," ಎಂದರು.

ಬಸ್ಸು ಹತ್ತಿ ನಾರ್ವೆಗೆ ಹೋದೆ. ಚೂರು ಕಳೆದದ್ದನ್ನು ಹೇಳಿದೆ; ಸುಳ್ಳಾಡಿದ್ದನ್ನು ಹೇಳಲಿಲ್ಲ. ಸುಶೀಲಕ್ಕ ಕೆನ್ನೆ ಹಿಡಿದುಕೊಂಡರು.

"ನನ್ನ ಮೈದಲ್ವ ಮಾರಾಯ ಅದು? ಎಲ್ಲಿ ಬೀಳ್ಸಿದೆ?"

ಇನ್ನೊಂದು ಚೂರು ತೆಗೆಯಬೇಕೆಂದೆ. ಆದರೂ ಮರುದಿನ ಆಸ್ಪತ್ರೆಗೆ ಬಂದು ಮತ್ತೆ ಬಾಯಿ ತೆರೆದರು. ಈ ಸಲ ಚೂರಿಗೆ ಕಣ್ಣಿಗೆ ಕಾಣುವಂತೆ ಕೆಂಪು ಬಣ್ಣ ಹಚ್ಚಿ, ಕಾಗದದಲ್ಲಿ ಸುತ್ತಿ, ಹಂತಹಂತಕ್ಕೂ ಎಣಿಸಿದೆ. ಕ್ಯಾನ್ಸರ್, ಆಗಷ್ಟೇ ಶುರುವಾದದ್ದು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಬದುಕಿಕೊಂಡರು.

ಆಮೇಲೆ ಜಯಪುರದ ಸಂತೆಯಲ್ಲಿ ಕಂಡಾಗಲೆಲ್ಲ ಪಕ್ಕದವರಿಗೆ ಹೇಳುವರು: "ತಪ್ಪು ಒಪ್ಕಳಕ್ಕೆ ಮನೆತಂಕ ಬಂದವ ಇವ್ನೇ ಮಾರಾಯ್ರೆ." ನಾನು ಹಲ್ಲು ಕಿರಿದು ಜಾರಿಕೊಳ್ಳುತ್ತಿದ್ದೆ.

ನಿನ್ನೆ ಆ ವಾಸನೆ ಕುಡಿದವನು ಊರಿಗೆ ಮರಳಲಿಲ್ಲ. ಸೀದಾ ನಾರ್ವೆಗೆ ಹೋದೆ. ಬಾಗಿಲಲ್ಲೇ ನಿಂತು, ಅಂದು ಡಾಕ್ಟ್ರಮ್ಮನಿಗೆ ಮೊದಲು ಸುಳ್ಳು ಹೇಳಿದ್ದೆನೆಂದೆ.

ಸುಶೀಲಕ್ಕ ಆಪರೇಷನ್ನಿನಿಂದ ಬಿಗಿದ ಕೆನ್ನೆಯಲ್ಲೇ ನಕ್ಕರು.

"ಅದಾ? ಡಾಕ್ಟ್ರಮ್ಮ ಆವಾಗ್ಲೇ ಹೇಳಿದ್ರು."

ಗೊತ್ತಿದ್ದೂ ಇಷ್ಟು ವರ್ಷ ಹೊಗಳಿದ್ದರು! ಅವರು ಚಾಪೆ ಹಾಸಿದರು. ಮೊದಲ ಸಲ ಆ ಮನೆಯಲ್ಲಿ ಕುಳಿತೆ.