ಹನುಮಪ್ಪನಿಗೆ ಎರಡನೇ ಅವಕಾಶ

ನಾಳೆ ನನ್ನ ಹೆಂಡತಿ ಶೈಲಾಳನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕು. ಅದಕ್ಕೆಂದು ಬೆಳಿಗ್ಗೆ ಚೀಲ ಹುಡುಕುತ್ತ ಅಟ್ಟ ಹತ್ತಿದರೆ, ಕೈಗೆ ಸಿಕ್ಕಿದ್ದು ಕಾಲು ಒತ್ತುವ ಯಂತ್ರ. ಅದರ ರಬ್ಬರ್ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಘನಕಾರ್ಯಗಳೆಲ್ಲ ನೆನಪಾದವು. ಕೂತುಕೊಳ್ಳಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಅವಳ ಹೊಟ್ಟೆಯಲ್ಲಿ ಗೆಡ್ಡೆ ಇದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ಬೇರೆ ಗಂಡಂದಿರಾಗಿದ್ದರೆ ಅಳುತ್ತಿದ್ದರು, ಇಲ್ಲವೇ ಹೆಂಡತಿಯ ಪಕ್ಕ ಕೂರುತ್ತಿದ್ದರು. ನಾನು ಅಂಗಡಿಗೆ ಹೋದೆ. ಗುಂಡಿ ಒತ್ತಿದರೆ ತಲೆದೆಸೆ ಏಳುವ ಮಂಚ, ಗಾಳಿ ತೊಳೆಯುವ ಯಂತ್ರ, ಏಸಿ, ಇನ್ವರ್ಟರ್, ಆ ಇನ್ವರ್ಟರ್ ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಇನ್ವರ್ಟರ್. ದಾವಣಗೆರೆಯ ಬಿಸಿಲಿಗೆ ಊರಿಗೆ ಊರೇ ಮಂಡಕ್ಕಿಯಂತೆ ಹುರಿಯುತ್ತಿದ್ದರೂ ನಮ್ಮ ಮನೆಯಲ್ಲಿ ಕಂಬಳಿ ಹೊದೆಯುವಷ್ಟು ತಂಪು. ಯಮಧರ್ಮರಾಯ ಬಂದರೂ ನೆಗಡಿಗೆ ಹೆದರಿ ವಾಪಸು ಹೋಗಬೇಕು, ಹಾಗಿತ್ತು ನನ್ನ ಏರ್ಪಾಡು. ಶೈಲಾ ಮಾತ್ರ ಆ ಮಂಚ ಬಿಟ್ಟು ನೆಲಕ್ಕೆ ಚಾಪೆ ಹಾಸಿ ಮಲಗುತ್ತಿದ್ದಳು. "ಅದರ ಮ್ಯಾಲೆ ಮಲಗಿದ್ರೆ ಈಗ್ಲೇ ಆಸ್ಪತ್ರೆ ಸೇರ್ದಂಗೆ ಅನ್ನಿಸ್ತೈತ್ರಿ" ಎಂಬುದು ಅವಳ ತಕರಾರು.

ಆಪರೇಷನ್ನಿನ ಹಿಂದಿನ ಶನಿವಾರ, ಹರಿಹರದ ಆಚೆಯ ಕೊಕ್ಕನೂರಿನಿಂದ ನಮ್ಮ ದೊಡ್ಡಮ್ಮ ಬಂದಳು. ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು.

"ಎಲ್ಲಾ ತಂದೀಯಪ್ಪ. ದೇವ್ರೊಬ್ಬನ್ನ ಮರ್ತೀಯ ನೋಡು."

ಹೌದಲ್ಲ! ಅಂಗಡಿಯಲ್ಲಿ ಸಿಗದ ಸಾಮಾನು, ಹೊಳೆದೇ ಇರಲಿಲ್ಲ. ಕೂಡಲೇ ಅವಳನ್ನು ಕೂರಿಸಿಕೊಂಡು ಕಾರು ತೆಗೆದೆ.

ಅವರೂರಿನ ಹನುಮಪ್ಪನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಉಂಟು. ಪೂಜಾರಿ ಒದ್ದೆ ಹೂಗಳನ್ನು ಮೂರ್ತಿಗೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಡಾಕ್ಟರು ಕೊಡದ ಗ್ಯಾರಂಟಿಯನ್ನು ಹನುಮಪ್ಪನಾದರೂ ಕೊಡಲಿ ಎಂದು ಕೂತೆ. ಹೂ ಎಡಕ್ಕೆ ಬಿತ್ತು.

"ಫ್ಯಾನ್ ಗಾಳಿಗೆ ಬಿದ್ದೈತ್ರಿ. ಆರಿಸಿ ಇನ್ನೊಮ್ಮೆ ನೋಡ್ರಿ" ಅಂದೆ. ಪೂಜಾರಿ ಪಾಪ ಆರಿಸಿದರು. ಮತ್ತೆ ಎಡಕ್ಕೇ ಬಿತ್ತು. ಬಲಗಡೆಯ ಹೂವಿಗೆ ನೀರು ಹೆಚ್ಚಾಗಿ ಅಂಟಿಕೊಂಡಿದೆ ಎಂದು ತಾಂತ್ರಿಕ ದೋಷ ಎತ್ತಿ ತೋರಿಸಿದೆ. ಕೊನೆಗೆ ಗರ್ಭಗುಡಿಗೆ ಏಸಿ ಹಾಕಿಸಿಕೊಡುತ್ತೇನೆ ಎಂದೂ ಹೇಳಿಬಿಟ್ಟೆ. ಬಿಸಿಲಲ್ಲಿ ಸಮುದ್ರ ಹಾರಿದವನಿಗೆ ಏಸಿ! ಪೂಜಾರಿ ದೊಡ್ಡಮ್ಮನ ಮುಖ ನೋಡಿದರು.

ಅವಳು ನನ್ನ ರಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಕರೆತಂದು ಕೂರಿಸಿದಳು. ನನಗೆ ಅಳು ಬಂದುಬಿಟ್ಟಿತು. ಶೈಲಾ ಸತ್ತುಹೋದರೆ ಏನು ಮಾಡಲಿ ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿದೆ.

"ನಿಮ್ಮ ದೊಡ್ಡಪ್ಪ ಹಾಸಿಗೆ ಹಿಡಿದಾಗ ನಾನೂ ಹೂ ಕೇಳಿದ್ದೆ" ಅಂದಳು ದೊಡ್ಡಮ್ಮ. "ಬಲಕ್ಕೇ ಬಿತ್ತು. ಎಷ್ಟು ಚಂದ ಬಿತ್ತು ಅಂತೀ! ವಾರ ತುಂಬೋದ್ರಾಗೆ ಆತ ಹೋದ."

"ಮತ್ತೆ ಇಲ್ಲಿಗ್ಯಾಕ ಬರ್ತಿ?"

"ಆತ ಹೋದ ಮ್ಯಾಲೆ ಬ್ಯಾರೆ ಎಲ್ಲಿ ಕುಂತ್ರೂ ಜೀವ ನಿಲ್ಲಲಿಲ್ಲಪ್ಪ. ಇಲ್ಲಿ ಕುಂತ್ರೆ ನಿಲ್ತಿತ್ತು. ಅವತ್ತಿಂದ ಕೇಳೋದು ಬಿಟ್ಟೀನಿ, ಬರೋದು ಬಿಟ್ಟಿಲ್ಲ."

ಅಂಥ ದೊಡ್ಡ ಮಾತು ಆಗ ನನ್ನ ತಲೆಗೆ ಹತ್ತಲಿಲ್ಲ. ವಾಪಸು ಬರುವಾಗ ಹರಿಹರದಲ್ಲಿ ಕಾರು ನಿಲ್ಲಿಸಿ ಕಾಲು ಒತ್ತುವ ಯಂತ್ರ ಕೊಂಡೆ. ಆಪರೇಷನ್ ಚೆನ್ನಾಗಿಯೇ ಆಯಿತು. ಎಡಕ್ಕೆ ಬಿದ್ದ ಹೂವಿನ ಮಾತೆತ್ತಿ ಹನುಮಪ್ಪನಿಗೆ ಮುಜುಗರ ಮಾಡಲು ನಾನು ಹೋಗಲಿಲ್ಲ. ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಈಗ ಶೈಲಾಗೆ ಗೆಡ್ಡೆ ಮತ್ತೆ ಕಾಣಿಸಿಕೊಂಡಿದೆ.

ಇಂದು ಮಧ್ಯಾಹ್ನ ಇಬ್ಬರೂ ಕೊಕ್ಕನೂರಿಗೆ ಬಂದೆವು. ಹನುಮಪ್ಪನ ಮುಂದೆ ಕೈಮುಗಿದು ನಿಂತೆ. ಹೆದರಿಕೆ ಹೋಗಿದೆ ಎಂದರೆ ಅವನೇ ನಕ್ಕಾನು. ಆದರೂ ಕೇಳಲು ಏನೂ ಉಳಿದಿರಲಿಲ್ಲ. ನಾಳೆಯದನ್ನು ಅವನ ಕೈಗೆ ಬಿಟ್ಟೆ. ಗ್ಯಾರಂಟಿ ಕಾರ್ಡ್ ಇಲ್ಲದೆ ನಾನು ಮಾಡಿದ ಮೊದಲ ವ್ಯವಹಾರ ಇದೇ ಇರಬೇಕು.

"ಏನು ಬೇಡ್ಕೊಂಡ್ರಿ?" ಹೊರಗೆ ಬಂದು ಅದೇ ಕಟ್ಟೆಯ ಮೇಲೆ ನಾನು ಕೂತಾಗ ಶೈಲಾ ಕೇಳಿದಳು.

"ಏನೂ ಇಲ್ಲ. ಸುಮ್ನೆ ನಿಂತಿದ್ದೆ."

ಇಷ್ಟು ದೂರ ಬಂದು ಇದೇನು ದಡ್ಡತನ ಎಂದು ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತ ಪಕ್ಕದಲ್ಲಿ ಕೂತಳು.

"ಸದ್ಯ" ಅಂದಳು, "ಈ ಸಲ ನನ್ ಜೊತೆಗೆ ಅದೀರಿ."