ಹೊಟ್ಟೆ ಟೀಚರ್

ಬೆಳಗಿನ ಆರೂವರೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ಪರದೆಯ ಹಿಂದಿನ ಮಂಚದ ಮೇಲೆ ಐವತ್ತೆಂಟರ ಹೆಂಗಸೊಬ್ಬರು ಮಂಡಿ ಮಡಿಸಿ ಅಂಗಾತ ಮಲಗಿದ್ದಾರೆ. ಸುತ್ತ ನಿಂತ ವಿದ್ಯಾರ್ಥಿಗಳಿಗೆ ಹೇಳುತ್ತಾರೆ: "ಮೊದ್ಲು ಕೈ ಉಜ್ಕೊಳ್ರಪ್ಪಾ. ಐಸಿನಂಥ ಕೈ ಇಟ್ರೆ ಹೊಟ್ಟೆ ಕಲ್ಲಾಗುತ್ತೆ, ಆಮೇಲೆ ಏನೂ ಸಿಗಲ್ಲ."

ಇವರಿಗೆ ಕಾಯಿಲೆಯೇ ಕೆಲಸ. ಹುಟ್ಟಿನಿಂದ ಬಂದ ರಕ್ತದ ತೊಂದರೆಯಿಂದ ಎಡ ಪಕ್ಕೆಲುಬಿನಡಿಯ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡು ಹೊಕ್ಕುಳ ಹತ್ತಿರದವರೆಗೆ ಇಳಿದಿದೆ. ಅದನ್ನು ಬರಿಗೈಯಲ್ಲಿ ಪತ್ತೆಹಚ್ಚಲು ಕಲಿಸುವುದಕ್ಕೆಂದೇ ಕಾಲೇಜು ಇವರನ್ನು ಇಪ್ಪತ್ತೊಂದು ವರ್ಷಗಳಿಂದ ಸಂಬಳ ಕೊಟ್ಟು ಇಟ್ಟುಕೊಂಡಿದೆ. ವಿದ್ಯಾರ್ಥಿಗಳು ಇಟ್ಟ ಹೆಸರು 'ಹೊಟ್ಟೆ ಟೀಚರ್'.

ಮೊದಲ ದಿನ ಬಟ್ಟೆ ಸರಿಸುವಾಗ ಕಣ್ಣೀರು ಬಂದಿತ್ತು. ಮನೆಗೆ ಹೋಗಿ ಗಂಡನಿಗೂ ಮುಖ ತೋರಿಸದೆ ಅಡುಗೆಮನೆ ಸೇರಿದ್ದರು. ನಗಿಸಿದ್ದು ನಾದಿನಿ: "ಹೊಟ್ಟೆಪಾಡು ಅಂದ್ರೆ ಇದೇ ನೋಡಿ ಅತ್ತಿಗೆ!" ಈಗ ಆ ನಾಚಿಕೆಯಿಲ್ಲ. ಯಾವುದು ಹೆದರಿದ ಕೈ, ಯಾವುದು ಮನಸ್ಸಿಲ್ಲದ ಕೈ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲರು.

ಆದರೆ ದಿನಕ್ಕೆ ನಲವತ್ತಿದ್ದ ಕೈಗಳು ಒಂಬತ್ತಕ್ಕೆ ಇಳಿದಿವೆ. ಸ್ಕ್ಯಾನ್ ಇರುವಾಗ ಮುಟ್ಟಿ ನೋಡುವುದೇಕೆ ಎಂಬ ಮಾತು. ಈ ತರಗತಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಹೊಸ ವಿಭಾಗ ಮುಖ್ಯಸ್ಥರೇ ಇಂದು ಬಂದಿದ್ದಾರೆ. ಬೇಡವೆಂದರೆ ನಾಳೆಯಿಂದ ಈ ಮಂಚ ಖಾಲಿ. ಇವರು ಮಲಗಿದ್ದಲ್ಲಿಂದಲೇ ಹೇಳುತ್ತಾರೆ: "ಸರ್, ನೀವೂ ಒಂದ್ಸಲ ಮುಟ್ಟಿ ನೋಡಿ."

ಮುಖ್ಯಸ್ಥರು ನೇರ ಪಕ್ಕೆಲುಬಿನ ಕೆಳಗೇ ಕೈಯಿಟ್ಟು ಒತ್ತುತ್ತಾರೆ. ಆಚೀಚೆ ತಡಕುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. "ಅಂಚೇ ಸಿಗ್ತಾ ಇಲ್ವಲ್ಲಮ್ಮ?"

"ಹೇಗೆ ಸಿಗುತ್ತೆ ಸರ್? ನಡುಮನೇಲಿ ನಿಂತ್ಕೊಂಡು ಹೊಸ್ತಿಲು ಹುಡುಕ್ತಿದೀರಲ್ಲ! ಕೆಳಗೆ ಬಲಗಡೆಯಿಂದ ಶುರು ಮಾಡಿ, ಮೆಲ್ಲಗೆ ಎಡಕ್ಕೆ ಮೇಲೆ ಬನ್ನಿ. ನಾನು ಉಸಿರು ಎಳ್ಕೊಂಡಾಗ ಅದೇ ಬಂದು ನಿಮ್ಮ ಬೆರಳಿಗೆ ತಾಗುತ್ತೆ."

ವಿದ್ಯಾರ್ಥಿಗಳು ನಗು ನುಂಗುತ್ತಾರೆ. ಇವರು ಉಸಿರೆಳೆದುಕೊಳ್ಳುತ್ತಾರೆ. ಮುಖ್ಯಸ್ಥರ ಬೆರಳು ತಟ್ಟನೆ ನಿಲ್ಲುತ್ತದೆ.

"ಹದಿನೈದು ವರ್ಷದಿಂದ ಬರೀ ರಿಪೋರ್ಟ್ ನೋಡ್ತಾ ಇದ್ದೆ," ಎಂದು ಅವರೂ ನಗುತ್ತಾರೆ. "ಕ್ಲಾಸು ನಡೀಲಿ. ಸೋಮವಾರದಿಂದ ಬ್ಯಾಚಿನ ಅರವತ್ತು ಜನರೂ ಬರಬೇಕು. ನಾನೂ ಬರ್ತೀನಿ."

ಇವರು ಎದ್ದು ಕೂತು ಬಟ್ಟೆ ಸರಿಮಾಡಿಕೊಳ್ಳುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಮುಖ್ಯಸ್ಥರು ಕೇಳಿದರೆ ಸುತ್ತಲಿನ ಕೈಗಳತ್ತ ನೋಡುತ್ತಾರೆ.

"ಅಷ್ಟೂ ಜನ ಉಗುರು ಕತ್ತರಿಸ್ಕೊಂಡು ಬಂದ್ರೆ ಸಾಕು."