ನನಗೆ ಕಾರು ಕಲಿಸಿದ ಬ್ರೇಕಮ್ಮ

ಆಕೆಯನ್ನು ನಾನು ಮೊದಲು ಕಂಡ ದಿನವೇ ಆಕೆಯಿಂದ ಚೆನ್ನಾಗಿ ಬೈಸಿಕೊಂಡೆ. ಜೀವಮಾನವಿಡೀ ಮಕ್ಕಳನ್ನು ಬೈದು ನಿವೃತ್ತನಾದವನಿಗೆ ಅದು ಹೊಸ ಅನುಭವ. ನನ್ನ ಮಗಳು ತನ್ನ ಹಳೆಯ ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, "ಅಪ್ಪ, ಪೇಪರ್ ಓದಿದ್ದೇ ಓದೋ ಬದಲು ಇದನ್ನ ಕಲಿ" ಎಂದು ಕೀ ಕೊಟ್ಟು ಹೋಗಿದ್ದಳು. ಹಾಗಾಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ.

"ಸಾರ್, ಕ್ಲಚ್ಚನ್ನ ಹಾಗೆ ಒದೀಬೇಡಿ. ಅದೇನು ನಿಮ್ಮ ಕೊನೇ ಬೆಂಚಿನ ಹುಡುಗನಾ?"

"ಹೆದರಿಕೆ ಆಗ್ತಿದೆಯಮ್ಮ."

"ನನಗೂ ಆಗ್ತಿದೆ. ನಾನು ಒದೀತಿದೀನಾ? ಬ್ರೇಕ್! ಬ್ರೇಕ್ ಸಾರ್, ಬ್ರೇಕ್!"

ಕಾರು ನಿಂತಿತು. ಕಲಿಸುವ ಕಾರುಗಳಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಆಕೆಯ ಪಾದ ಸದಾ ಅದರ ಮೇಲೆ. ಕಲಿಯುವವರೆಲ್ಲ ಬೆನ್ನ ಹಿಂದೆ ಆಕೆಯನ್ನು ಬ್ರೇಕಮ್ಮ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು.

ಆ ಡ್ರೈವಿಂಗ್ ಶಾಲೆಯನ್ನು ಕಟ್ಟಿದವರು ಆಕೆಯ ತಂದೆ. ಅವರು ತೀರಿಕೊಂಡ ಮೇಲೆ ಅಣ್ಣ ಆಫೀಸು ನೋಡಿಕೊಂಡ, ತಂಗಿ ರಸ್ತೆ ನೋಡಿಕೊಂಡಳು. ಅಣ್ಣನದು ದೊಡ್ಡ ಗಂಟಲು, ಕೆಟ್ಟ ಮನಸ್ಸಲ್ಲ. ಊರಿನ ಇನ್ನೊಂದು ತುದಿಯಲ್ಲಿ ಎರಡನೆಯ ಶಾಲೆ ತೆರೆಯಬೇಕೆಂಬುದು ಅವನ ಕನಸು. ಅಲ್ಲಿ ವಾಹನಗಳ ಬಿಡಿಭಾಗ ಮಾರುವ ಒಬ್ಬ ವ್ಯಾಪಾರಿಯ ಜಾಗವಿತ್ತು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. "ಅವನ ಜಾಗ, ನಮ್ಮ ಹೆಸರು, ನೀನು ಯಜಮಾನಿ. ಮದುವೆ ಅಂತ ಒಂದಾಗಿಬಿಟ್ರೆ ಅಮ್ಮನೂ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ" ಎಂದು ನಮ್ಮೆಲ್ಲರ ಮುಂದೆಯೇ ಹೇಳುತ್ತಿದ್ದ. ನಲವತ್ತರ ಹತ್ತಿರ ಬಂದಿದ್ದ ತಂಗಿ ಪ್ರತಿ ಸಲವೂ "ನೋಡೋಣ ಅಣ್ಣ" ಎಂದು ಕಾರಿನ ಕೀ ತೆಗೆದುಕೊಂಡು ಹೊರಟುಬಿಡುತ್ತಿದ್ದಳು.

ಆ ಶಾಲೆಯಲ್ಲಿ ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕುಳಿತು ಸರದಿ ಕಾಯಬೇಕು. ಕೆಲವು ವಾರಗಳಾದ ಮೇಲೆ ನನ್ನ ಜೊತೆಗೆ ಒಬ್ಬ ನರ್ಸನ್ನು ಸೇರಿಸಿದರು. ನಮ್ಮ ಊರಿನ ಆಸ್ಪತ್ರೆಗೆ ಆಗಷ್ಟೇ ವರ್ಗವಾಗಿ ಬಂದವಳು. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ನೋಡುವ ಕೆಲಸ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು.

"ನಮಸ್ಕಾರ ಮೇಡಂ" ಎಂದು ಆಕೆ ಸ್ಟೀರಿಂಗಿನ ಮುಂದೆ ಕುಳಿತಳು. ನಮ್ಮ ಬ್ರೇಕಮ್ಮನ ಮುಖ ಸುಣ್ಣ ಬಳಿದಂತಾಯಿತು.

"ಬೆಲ್ಟ್ ಹಾಕ್ಕೊಳ್ಳಿ ಮೇಡಂ" ಎಂದಳು ನರ್ಸ್. "ನಮಗೆ ಹೇಳಿಕೊಡೋರು ನೀವೇ ಅಲ್ವಾ?"

ಕಾರು ಖಾಲಿ ಬೀದಿಯಲ್ಲಿ ಆಮೆಯಂತೆ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಗ್ಗಿ ನಿಂತಿತು.

"ಯಾಕೆ ಬ್ರೇಕ್ ಒತ್ತಿದ್ರಿ?"

"ಬೆಕ್ಕು ಓಡಿತು."

"ಯಾವ ಬೆಕ್ಕು? ಮೇಷ್ಟ್ರೇ, ನಿಮಗೆ ಕಾಣಿಸ್ತಾ?"

"ಬೆಕ್ಕಿನ ಹಾಗೆ ಏನೋ ಇತ್ತಮ್ಮ" ಎಂದು ಕಿಟಕಿಯಾಚೆ ನೋಡಿದೆ.

ನರ್ಸನ್ನು ಆಸ್ಪತ್ರೆಯ ಬಳಿ ಇಳಿಸಿದ ಮೇಲೆ ಬ್ರೇಕಮ್ಮ ಕಾರನ್ನು ಒಂದು ಮರದ ನೆರಳಿಗೆ ನಿಲ್ಲಿಸಲು ಹೇಳಿದಳು.

"ಸಾರ್, ಬೆಕ್ಕು ಇರಲಿಲ್ಲ."

"ಗೊತ್ತಮ್ಮ."

ಆಮೇಲೆ ಆಕೆ ಹೇಳಿದ್ದು ಇಷ್ಟು. ಚಿಕ್ಕ ವಯಸ್ಸಿನಲ್ಲಿ ಆಕೆ ಬೇರೊಂದು ನಗರದ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದಳು. ಹಿಂದುಗಡೆ ರೋಗಿಯ ಪಕ್ಕದಲ್ಲಿ ಈ ನರ್ಸ್. ಇಬ್ಬರೂ ಒಂದೇ ಮನೆ ಮಾಡಿ ಕೆಲವು ವರ್ಷ ಇದ್ದರು. "ಗಂಡಹೆಂಡತಿ ಇರೋ ಹಾಗೆ ಅಂದ್ರೆ ನಿಮಗೆ ಅರ್ಥ ಆಗುತ್ತಾ ಸಾರ್?" ಎಂದು ಕೇಳಿ ರಸ್ತೆಯನ್ನೇ ನೋಡುತ್ತ ಕುಳಿತಳು. ಅರ್ಥವಾಗುತ್ತದೆ ಎಂದೆ. ತಂದೆಗೆ ಕಾಯಿಲೆಯಾದಾಗ ಅಣ್ಣ ಕರೆದುಕೊಂಡು ಹೋಗಲು ಬಂದಿದ್ದ. ಇವರು ಯಾರು ಎಂದು ಅವನು ಕೇಳಿದ್ದಕ್ಕೆ ಈಕೆ, "ರೂಮಿನವಳು ಅಣ್ಣ, ಬಾಡಿಗೆ ಹಂಚ್ಕೊಂಡಿದೀವಿ" ಎಂದುಬಿಟ್ಟಳು. ನರ್ಸ್ ಅವನಿಗೆಂದು ಟೀ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಪ್ಪನ್ನು ಕೊಟ್ಟು, ಒಳಗೆ ಹೋಗಿ, ಈಕೆಯ ಬಟ್ಟೆಗಳನ್ನು ತಾನೇ ಮಡಿಸಿ ಚೀಲಕ್ಕೆ ಹಾಕಿಕೊಟ್ಟಳು. ಆಮೇಲೆ ಫೋನು ಎತ್ತಲೇ ಇಲ್ಲ.

"ಈ ಊರಲ್ಲಿ ಬೇರೆ ಡ್ರೈವಿಂಗ್ ಸ್ಕೂಲ್ ಇಲ್ವಾ ಸಾರ್?" ಎಂದು ಕೇಳಿದಳು.

"ಇವೆಯಲ್ಲ."

"ಅದೇ ನನಗೆ ಭಯ. ಅವನ್ನೆಲ್ಲ ಬಿಟ್ಟು ಇಲ್ಲಿಗೇ ಬಂದಿದಾಳಲ್ಲ."

ಮುಂದಿನ ದಿನಗಳಲ್ಲಿ ನಾನು ಹಿಂದಿನ ಸೀಟಿನ ಮೇಲೆ ಇಟ್ಟ ಪೆಟ್ಟಿಗೆಯಂತೆ ಕುಳಿತಿರುತ್ತಿದ್ದೆ. ಮೇಡಂ ಹೋಗಿ ನೀವು ಬಂತು, ನೀವು ಹೋಗಿ ನೀನು ಬಂತು.

"ಈಗಲೂ ಹುಳಿ ಹಣ್ಣು ತಿನ್ನೋವಾಗ ಒಂದೇ ಕಣ್ಣು ಮುಚ್ಚುತ್ತೀಯಾ?"

"ರಸ್ತೆ ನೋಡು."

"ನಾನು ರಸ್ತೆನೇ ನೋಡ್ತಿದೀನಿ. ನೀನು ನನ್ನ ನೋಡ್ತಿದೀಯ."

ಅಂಥ ಮಾತಿಗೆ ಬ್ರೇಕಮ್ಮನ ಕಿವಿ ಕೆಂಪಾಗುತ್ತಿತ್ತು. ಆದರೆ ಒಂದು ದಿನ ನರ್ಸ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ನೇರವಾಗಿ ಕೇಳಿದಳು. "ನಿನಗೆ ಮದುವೆಯಂತೆ?"

"ಅಣ್ಣ ಹೇಳ್ತಾನೆ."

"ನೀನೇನು ಹೇಳ್ತೀಯ?"

"ನೋಡೋಣ ಅಂತೀನಿ."

"ನೋಡು. ಇನ್ನೊಂದು ಸಲ ರೂಮಿನವಳಾಗೋಕೆ ನನ್ನ ಕೈಲಾಗಲ್ಲ ಕಣೇ. ನನ್ನ ಲೈಸೆನ್ಸ್ ಬರೋದ್ರೊಳಗೆ ನಿಮ್ಮಣ್ಣನಿಗೆ ಹೇಳು. ಇಲ್ಲಾಂದ್ರೆ ಬೇರೆ ಊರಿಗೆ ಹಾಕಿ ಅಂತ ಆಸ್ಪತ್ರೆಯೋರನ್ನ ಕೇಳ್ಕೋತೀನಿ."

ಅಂದಿನಿಂದ ಬ್ರೇಕಮ್ಮ ಬೈಯುವುದನ್ನೇ ಮರೆತಳು. ನಾನು ಎರಡನೆಯ ಗೇರಿನಲ್ಲಿ ಇಡೀ ಊರು ಸುತ್ತಿದರೂ ಸುಮ್ಮನಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಹಣ್ಣಾಗಿತ್ತು. ಪ್ರತಿದಿನ ಪಾಠ ಮುಗಿದ ಮೇಲೆ ಅಣ್ಣನ ಆಫೀಸಿನ ಬಾಗಿಲವರೆಗೆ ಹೋಗುವಳು, "ಏನೇ?" ಎಂದು ಅವನು ಕೇಳಿದರೆ, "ಪೆಟ್ರೋಲ್ ಹಾಕಿಸ್ಬೇಕು" ಎಂದು ತಿರುಗಿ ಬರುವಳು. ಟ್ಯಾಂಕು ಸದಾ ತುಂಬಿರುತ್ತಿತ್ತು.

ತಂದೆಯ ಕಾಲದಿಂದಲೂ ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಯಾರನ್ನೇ ಸರ್ಕಾರಿ ಪರೀಕ್ಷೆಗೆ ಕಳಿಸುವ ಮೊದಲು ಯಜಮಾನನೇ ಮುಂದಿನ ಸೀಟಿನಲ್ಲಿ ಕುಳಿತು ನೋಡಬೇಕು. ಕಲಿಸಿದವರು ಹಿಂದೆ ಕೂರಬೇಕು, ತುಟಿಪಿಟಕ್ಕೆನ್ನಬಾರದು. ನರ್ಸಿನ ಸರದಿ ಬಂದಾಗ ನನ್ನದೂ ಅದೇ ದಿನ. ಬ್ರೇಕಮ್ಮ ನನ್ನ ಪಕ್ಕದಲ್ಲಿ ಕುಳಿತಳು. ಪ್ರತಿ ತಿರುವಿನಲ್ಲೂ ಆಕೆಯ ಕಾಲು ಬರಿಯ ಮ್ಯಾಟನ್ನು ಒತ್ತುತ್ತಿತ್ತು.

ಅಣ್ಣ ಒಳ್ಳೆಯ ಲಹರಿಯಲ್ಲಿದ್ದ. "ಚೆನ್ನಾಗಿ ಓಡಿಸ್ತೀರ. ಮೊದಲು ಎಲ್ಲಿದ್ರಿ?"

ನರ್ಸ್ ಆ ನಗರದ ಹೆಸರು ಹೇಳಿದಳು.

"ಅರೆ, ನಮ್ಮ ತಂಗಿನೂ ಅಲ್ಲೇ ಇದ್ದಿದ್ದು! ತಡೀರಿ, ನಿಮ್ಮನ್ನ ಎಲ್ಲೋ ನೋಡಿದೀನಿ... ಅವಳ ರೂಮಿನವರು ನೀವೇ ಅಲ್ವಾ? ನನಗೆ ಟೀ ಕೊಟ್ಟಿದ್ರಿ!"

ಕನ್ನಡಿಯಲ್ಲಿ ನರ್ಸಿನ ಕಣ್ಣು ಒಮ್ಮೆ ಮೇಲೆದ್ದು ಮತ್ತೆ ರಸ್ತೆಗಿಳಿಯಿತು. ನನ್ನ ಪಕ್ಕದಲ್ಲಿ ಕುಳಿತವಳು ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದಳು.

"ಹೇಳೋದಲ್ವೇನೇ ನೀನು?" ಎಂದು ಅಣ್ಣ ನಕ್ಕ. "ಮದುವೆಗೆ ಇವರನ್ನೂ ಕರೆಯೋಣ!"

ನಾಲ್ಕು ರಸ್ತೆ ಕೂಡುವ ಜಾಗ ಹತ್ತಿರ ಬರುತ್ತಿತ್ತು. ಹಿಂದೆ ಒಂದು ಲಾರಿ.

"ಅಣ್ಣ, ಮದುವೆ ಇಲ್ಲ."

"ಏಯ್, ಹಿಂದೆ ಕೂತೋರು ಮಾತಾಡೋ ಹಾಗಿಲ್ಲ."

"ಇವಳು ನನ್ನ ರೂಮಿನವಳಲ್ಲ ಅಣ್ಣ. ಅವತ್ತು ನಿನಗೆ ಸುಳ್ಳು ಹೇಳಿದೆ. ನಾವಿಬ್ರೂ ಸಂಸಾರ ಮಾಡ್ತಿದ್ವಿ. ಇನ್ನು ಮುಂದೆಯೂ ಮಾಡ್ಬೇಕು ಅಂತ ನನಗೆ ಆಸೆ. ಇವಳು ಒಪ್ಪಿದ್ರೆ."

ಅಣ್ಣನ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ರಸ್ತೆಯ ನಡುವೆಯೇ ಕುಕ್ಕರಿಸಿ ಬಂದ್ ಆಯಿತು. ಲಾರಿಯ ಹಾರ್ನ್ ಕಿವಿ ಹರಿಯುವಂತೆ ಕೂಗಿತು. ನರ್ಸ್ ಗೇರನ್ನು ನ್ಯೂಟ್ರಲ್‌ಗೆ ತಂದಳು, ಚಾಲೂ ಮಾಡಿದಳು, ಸಿಗ್ನಲ್ ಹಾಕಿದಳು, ಕನ್ನಡಿ ನೋಡಿದಳು, ಕಾರನ್ನು ನಿಧಾನವಾಗಿ ರಸ್ತೆಯ ಪಕ್ಕಕ್ಕೆ ತಂದು ಹ್ಯಾಂಡ್‌ಬ್ರೇಕ್ ಎಳೆದಳು.

"ಮೇಷ್ಟ್ರೇ, ನಿಮಗಿದು ಗೊತ್ತಿತ್ತಾ?" ಎಂದ ಅಣ್ಣ.

"ಗೊತ್ತಿತ್ತಪ್ಪ."

"ಹಾಗಾದ್ರೆ ನಾನೊಬ್ಬನೇ ಪೆದ್ದ."

ಅವನು ಇಳಿದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು ಕಿಟಕಿಗೆ ಬಗ್ಗಿ ನರ್ಸಿಗೆ, "ನೀವು ಪರೀಕ್ಷೆಗೆ ಹೋಗಿ. ನಿಮ್ಮ ಡ್ರೈವಿಂಗಲ್ಲಿ ತಪ್ಪಿಲ್ಲ" ಎಂದ. ತಂಗಿಯ ಕಡೆ ನೋಡದೆ ಬಿಸಿಲಿನಲ್ಲಿ ನಡೆದು ಹೋದ.

ಅವನು ಮರೆಯಾದ ಮೇಲೆ ನರ್ಸ್ ಹಿಂದೆ ತಿರುಗಿ, "ಮೇಷ್ಟ್ರೇ, ಈಗ ನಿಮ್ಮ ಸರದಿ" ಎಂದಳು. "ಇವತ್ತು ಬೇಡಮ್ಮ, ಪಕ್ಕದ ಬ್ರೇಕ್ ಒತ್ತೋರೂ ಇಲ್ಲ" ಎಂದೆ. ಮೂವರೂ ನಕ್ಕೆವು. ಬ್ರೇಕಮ್ಮನ ನಗು ನಡುವೆಯೇ ಅಳುವಾಯಿತು. ನರ್ಸ್ ಕೈ ಚಾಚಿ ಆಕೆಯ ಮಂಡಿಯ ಮೇಲಿಟ್ಟು, "ಒಪ್ಪಿದೆ ಕಣೇ, ಮೂಗು ಒರೆಸ್ಕೋ" ಎಂದಳು.

ಅಣ್ಣ ಮರುದಿನವೇ ತಂಗಿ ಕಲಿಸುತ್ತಿದ್ದ ಕಾರನ್ನು ಬೇರೊಬ್ಬರ ಕೈಗೆ ಕೊಟ್ಟ. ಎರಡನೆಯ ಶಾಲೆಯ ಮಾತು ಅಲ್ಲಿಗೇ ನಿಂತಿತು. ತಾಯಿ ಬಹಳ ಕಾಲ ಮಗಳ ಜೊತೆ ಮಾತು ಬಿಟ್ಟಿದ್ದರು. ನರ್ಸ್ ಪರೀಕ್ಷೆಯಲ್ಲಿ ಪಾಸಾದಳು. ನಾನು ಡುಮ್ಕಿ ಹೊಡೆದೆ, ಅದು ಬೇರೆ ಕಥೆ.

ಈಗ ಬ್ರೇಕಮ್ಮ ಬಸ್ ಡಿಪೋದಲ್ಲಿ ಹೊಸ ಚಾಲಕರಿಗೆ ಕಲಿಸುತ್ತಾಳೆ. ನಮ್ಮ ಹಿಂದಿನ ಬೀದಿಯ ಮಹಡಿಮನೆಯಲ್ಲಿ ಇಬ್ಬರ ವಾಸ. ತಾಯಿಯ ಮನೆಯಿಂದ ಅಪರೂಪಕ್ಕೆ ಫೋನು ಬಂದರೆ ಆಕೆ ಇಂದಿಗೂ ಎದ್ದು ನಿಂತೇ ಮಾತನಾಡುವುದು. ಈ ವಾರ ಅಂಥ ಒಂದು ಫೋನು ಬಂತು. ಭಾನುವಾರ ತಾಯಿ ಬರುತ್ತಾರಂತೆ. ಅಣ್ಣ ಕೆಳಗೆ ಬಿಟ್ಟು ಹೋಗುತ್ತಾನಂತೆ, ಮೇಲೆ ಹತ್ತುವುದಿಲ್ಲವಂತೆ.

ನಿನ್ನೆ ಸಂಜೆ ಡಿಪೋದಿಂದ ನೇರವಾಗಿ ನಮ್ಮ ಮನೆಗೆ ಬಂದಳು.

"ಸಾರ್, ನಿಮ್ಮಲ್ಲಿ ಮಡಚೋ ಮಂಚ ಒಂದಿದೆಯಲ್ಲ, ಒಂದು ದಿನಕ್ಕೆ ಕೊಡ್ತೀರಾ?"

"ಯಾರಿಗಮ್ಮ? ನಿಮ್ಮ ತಾಯಿ ಉಳ್ಕೋತಾರಾ?"

"ಇಲ್ಲ ಸಾರ್. ಸುಮ್ನೆ ಹಾಲಲ್ಲಿ ಹಾಕಿರ್ತೀನಿ. ಅಮ್ಮ ಮನೆಯೆಲ್ಲ ನೋಡ್ತಾಳೆ. ರೂಮಲ್ಲಿ ಒಂದೇ ಮಂಚ..."

"ಅಟ್ಟದ ಮೇಲಿದೆ, ಇಳಿಸೋಣ" ಎಂದು ಸ್ಟೂಲು ತಂದೆ. ಆಕೆ ಸ್ಟೂಲು ಹತ್ತಿದಳು, ಮಂಚದ ಕಾಲು ಹಿಡಿದಳು, ಹಾಗೆಯೇ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಕೈ ಬಿಟ್ಟು ಕೆಳಗಿಳಿದಳು.

"ಬೇಡ ಸಾರ್. ಅಲ್ಲೇ ಇರಲಿ. ಅಮ್ಮ ಕೇಳಿದ್ರೆ ಹೇಳ್ತೀನಿ."

ಇಂದು ಶನಿವಾರ. ಬೆಳಗಿನಿಂದ ಅವರ ಮನೆಯ ಕಿಟಕಿಗಳನ್ನು ಒರೆಸಿದ್ದೇ ಒರೆಸಿದ್ದು. ಇದನ್ನು ಬರೆಯುತ್ತಿರುವಾಗ ನಮ್ಮ ಹಿತ್ತಲ ಕಡೆಯಿಂದ ಕಾಣುತ್ತಿದೆ: ಮಹಡಿಯ ಹಗ್ಗದ ಮೇಲೆ ಆ ಒಂದೇ ಮಂಚದ ಅಗಲವಾದ ಹಾಸನ್ನು ಒಗೆದು ಹರಡಿದ್ದಾರೆ. ನರ್ಸ್ ಏನೋ ಹೇಳಿ ನಗಿಸಲು ನೋಡುತ್ತಿದ್ದಾಳೆ. ಬ್ರೇಕಮ್ಮ ನಗದೆ, ಅದರ ಅಂಚನ್ನು ಎಳೆದೆಳೆದು ನೇರ ಮಾಡುತ್ತಿದ್ದಾಳೆ.